ಮೊದಲ ರೋಡ್ ಬೈಕ್: 25 ಸಾವಿರ ರೂಪಾಯಿ ಮತ್ತು ಸಿದ್ದರಬೆಟ್ಟದ ದಾರಿ

ಮೊದಲೇ ಹೇಳಿಬಿಡ್ತೀವಿ, ಇಲ್ಲಿ ಬೈಕ್ ಅಂದ್ರೆ ಪೆಟ್ರೋಲ್ ಹಾಕೋ ಬೈಕ್ ಅಲ್ಲ, ತುಳಿಯೋ ಸೈಕಲ್. ಟಗರಿನ ಕೊಂಬಿನ ಥರ ಬಾಗಿದ ಹ್ಯಾಂಡಲ್, ತೆಳುವಾದ ಟೈರ್, ಮುಂದೆ ಶಾಕ್ ಅಬ್ಸಾರ್ಬರ್ ಇಲ್ಲದ ಫೋರ್ಕ್ ಇರುವ ಸೈಕಲ್‌ಗೆ ರೋಡ್ ಬೈಕ್ ಅಂತಾರೆ. ಟಾರು ರಸ್ತೆಯಲ್ಲಿ ಕಡಿಮೆ ಶಕ್ತಿಯಲ್ಲಿ ಹೆಚ್ಚು ದೂರ ಹೋಗೋಕೆ ಮಾಡಿದ್ದು.

ನಮ್ಮ ಬಳಗದಲ್ಲಿ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಕಡೆಯಿಂದ ಬಂದ ನಾಲ್ಕು ಜನ ಇದ್ದೀವಿ. ತುಮಕೂರಿನಿಂದ ಸಿದ್ದರಬೆಟ್ಟಕ್ಕೆ ಹೋಗಿ ಬರಬೇಕು, ಆಗಾಗ ವಾರದ ಕೊನೆಗೆ ಊರಿಗೂ ಸೈಕಲ್‌ನಲ್ಲೇ ಹೋಗಬೇಕು ಅನ್ನೋದು ಆಸೆ. ಕೈಯಲ್ಲಿ ಇರೋದು ತಲಾ 25,000 ರೂಪಾಯಿ. ಅದರಲ್ಲಿ ಸ್ಕಾಲರ್‌ಶಿಪ್ ಉಳಿಸಿದ್ದು ಸ್ವಲ್ಪ, ಕಡಲೆಕಾಯಿ ಮಾರಿದ ದುಡ್ಡಲ್ಲಿ ಮನೆಯಿಂದ ಬಂದದ್ದು ಜಾಸ್ತಿ. "ಸೈಕಲ್‌ಗೆ ಇಪ್ಪತ್ತು ಸಾವಿರನೇನೋ? ಇನ್ನೊಂದಿಷ್ಟು ಹಾಕಿದ್ರೆ ಒಳ್ಳೇ ಕಂಡೀಷನ್ನಿನ ಟಿವಿಎಸ್ಸೇ ಬರುತ್ತಲ್ಲಪ್ಪ" ಅಂತ ಮನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡೋ ಜವಾಬ್ದಾರಿಯೂ ನಮ್ಮದೇ. ತಂದ ಸೈಕಲ್ ಎರಡು ತಿಂಗಳಿಗೆ ಹಾಸ್ಟೆಲ್ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ನಿಂತರೆ, ಅದು ಒಂದು ಬೆಳೆಯ ದುಡ್ಡು ನಿಂತ ಹಾಗೆ.

ಹಾಗಾಗಿ ಶೋರೂಮಿಗೆ ಹೋಗೋ ಮೊದಲು ಕಾಗದದ ಮೇಲೆ ಲೆಕ್ಕ ಮಾಡೋಣ. ಮೊದಲನೇ ವರ್ಷದ ಫಿಸಿಕ್ಸ್ ಸಾಕು.

ನಮ್ಮ ದಾರಿ ಎಂಥದ್ದು?

ಸೈಕಲ್ ಆರಿಸೋ ಮೊದಲು ರಸ್ತೆ ನೋಡಬೇಕು. ತುಮಕೂರು, ಕೊರಟಗೆರೆ, ಮಧುಗಿರಿ, ಪಾವಗಡ ಇವೆಲ್ಲ ಒಂದೇ ರಾಜ್ಯ ಹೆದ್ದಾರಿಯ ಮೇಲೆ ಸಿಗುತ್ತವೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ಪಾವಗಡ ಸುಮಾರು 650 ಮೀಟರ್. ನಡುವೆ ಹೆಚ್ಚೂಕಡಿಮೆ 100 ಕಿ.ಮೀ. ಅಷ್ಟು ದೂರಕ್ಕೆ 170 ಮೀಟರ್ ಇಳಿತ ಅಂದ್ರೆ ಸರಾಸರಿ ಕಾಲಿಗೆ ಗೊತ್ತೇ ಆಗಲ್ಲ. ಆದರೆ ಸರಾಸರಿ ನಂಬಬೇಡಿ. ಸುತ್ತ ಬಂಡೆ ಬೆಟ್ಟಗಳು: ಸಿದ್ದರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟ, ಈ ಕಡೆ ದೇವರಾಯನದುರ್ಗ. ಮುಖ್ಯರಸ್ತೆ ಬಿಟ್ಟು ಯಾವ ಬೆಟ್ಟದ ಕಡೆ ತಿರುಗಿದ್ರೂ ಏರು ಶುರು. ಸಿದ್ದರಬೆಟ್ಟದಲ್ಲಿ ತಪ್ಪಲಿನವರೆಗೆ ಮಾತ್ರ ರಸ್ತೆ, ಆಮೇಲೆ ಗುಹೆಯ ಸಿದ್ದೇಶ್ವರನ ಹತ್ತಿರ ಹೋಗೋಕೆ ಮೆಟ್ಟಿಲು ಹತ್ತಬೇಕು. ಅಲ್ಲಿಗೆ ತಲುಪೋ ಹೊತ್ತಿಗೆ ಕಾಲಲ್ಲಿ ಸ್ವಲ್ಪ ಶಕ್ತಿ ಉಳಿದಿರಬೇಕು.

ಇನ್ನು ಮೂರು ವಿಷಯ ಶೋರೂಮಿನವರಿಗೆ ಗೊತ್ತಿರಲ್ಲ, ನಮಗೆ ಗೊತ್ತು. ಒಂದು, ರಸ್ತೆ ಬದಿಯ ಬಳ್ಳಾರಿ ಜಾಲಿ ಮುಳ್ಳು. ಎರಡು, ಆಷಾಢದ ಗಾಳಿ. ಮೂರು, ಸುಗ್ಗಿಯಲ್ಲಿ ರಸ್ತೆಗೇ ಹರಡೋ ರಾಗಿ, ಹುರುಳಿ. ಈ ಮೂರಕ್ಕೂ ಸೈಕಲ್‌ನಲ್ಲಿ ಉತ್ತರ ಇರಬೇಕು.

ಮೊದಲ ಲೆಕ್ಕ: ತೂಕವೋ, ಗೇರೋ?

ಅಂಗಡಿಗೆ ಹೋದ ಎಲ್ಲರೂ ಮಾಡೋ ಮೊದಲ ಕೆಲಸ ಸೈಕಲನ್ನ ಒಂದು ಕೈಯಲ್ಲಿ ಎತ್ತಿ ನೋಡೋದು. "ಲೈಟ್ ಇದೆ ಮಗಾ!" ಹಗುರ ಆದಷ್ಟೂ ರೇಟು ಭಾರ. ಈ 2 ಕೆ.ಜಿ. ಎಷ್ಟು ಮುಖ್ಯ ಅಂತ ನೋಡೋಣ.

ನಾವು 70 ಕೆ.ಜಿ., ಸೈಕಲ್ 12 ಕೆ.ಜಿ., ಒಟ್ಟು 82 ಅಂತ ಇಟ್ಕೊಳ್ಳಿ. ಏರು ಶೇಕಡಾ 7, ಅಂದ್ರೆ 100 ಮೀಟರ್ ಮುಂದೆ ಹೋದ್ರೆ 7 ಮೀಟರ್ ಮೇಲೆ. ಒಟ್ಟು ಭಾರ 82 ಗುಣಿಸು 9.81, ಸುಮಾರು 804 ನ್ಯೂಟನ್. ಅದರ ಶೇ 7 ಅಂದ್ರೆ 56 ನ್ಯೂಟನ್ ನಮ್ಮನ್ನ ಹಿಂದಕ್ಕೆ ಎಳೀತಾ ಇರುತ್ತೆ. ಟೈರಿನ ಘರ್ಷಣೆ ಇನ್ನೊಂದು 5. ಒಟ್ಟು ಸುಮಾರು 61 ನ್ಯೂಟನ್. ಇದಕ್ಕೆ ವೇಗವನ್ನು ಗುಣಿಸಿದರೆ ಬೇಕಾದ ಶಕ್ತಿ ವ್ಯಾಟ್‌ನಲ್ಲಿ ಬರುತ್ತೆ. ಗಾಳಿ ಮತ್ತು ಚೈನಿನ ನಷ್ಟ ಸದ್ಯಕ್ಕೆ ಬಿಡೋಣ.

ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದರೆ ಸುಮಾರು 136 ವ್ಯಾಟ್ ಬೇಕು. ಈಗ ಸೈಕಲ್ 2 ಕೆ.ಜಿ. ಹಗುರ ಮಾಡಿ. ಉಳಿಯೋದು ಸುಮಾರು 3 ವ್ಯಾಟ್! ಎರಡು ನೀರಿನ ಬಾಟಲಿ ಖಾಲಿ ಮಾಡಿದ್ರೆ ಹೆಚ್ಚೂಕಡಿಮೆ ಅಷ್ಟೇ ಉಳಿಯುತ್ತೆ.

ಈಗ ಗೇರ್ ನೋಡೋಣ. ರೋಡ್ ಬೈಕ್ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತೆ. ಪೆಡಲ್ ಒಂದು ಸುತ್ತು ತುಳಿದರೆ ಚಕ್ರ ಎಷ್ಟು ಸುತ್ತು ತಿರುಗುತ್ತೆ ಅನ್ನೋದು ಮುಂದಿನ ಹಲ್ಲುಗಳನ್ನ ಹಿಂದಿನ ಹಲ್ಲುಗಳಿಂದ ಭಾಗಿಸಿದರೆ ಗೊತ್ತಾಗುತ್ತೆ. ಏರಿನಲ್ಲಿ ನಿಮಿಷಕ್ಕೆ 60 ಸಲಕ್ಕಿಂತ ನಿಧಾನಕ್ಕೆ ತುಳಿದರೆ ಮಂಡಿ ಮೇಲೆ ಭಾರ ಬೀಳುತ್ತೆ, ಹಾಗಾಗಿ 60 ಅಂತ ಹಿಡಿಯೋಣ. ಅದೇ ಶೇ 7ರ ಏರು, ಅದೇ 82 ಕೆ.ಜಿ.:

ಮುಂದೆ 44, ಹಿಂದೆ 28 ಹಲ್ಲು: ವೇಗ 11.9 ಕಿ.ಮೀ., ಬೇಕಾದ ಶಕ್ತಿ ಸುಮಾರು 202 ವ್ಯಾಟ್.
ಮುಂದೆ 44, ಹಿಂದೆ 34 ಹಲ್ಲು: ವೇಗ 9.8 ಕಿ.ಮೀ., ಸುಮಾರು 166 ವ್ಯಾಟ್.
ಮುಂದೆ 34, ಹಿಂದೆ 32 ಹಲ್ಲು: ವೇಗ 8 ಕಿ.ಮೀ., ಸುಮಾರು 136 ವ್ಯಾಟ್.

ಮೊದಲನೆಯದಕ್ಕೂ ಕೊನೆಯದಕ್ಕೂ 66 ವ್ಯಾಟ್ ವ್ಯತ್ಯಾಸ. ತೂಕ ಇಳಿಸಿದ್ದಕ್ಕೆ ಸಿಕ್ಕಿದ್ದು 3! ಸುಲಭದ ಗೇರ್ ನಮಗೆ ಶಕ್ತಿ ಕೊಡಲ್ಲ, ನಿಧಾನಕ್ಕೆ ಹತ್ತೋ ಅವಕಾಶ ಕೊಡುತ್ತೆ. ತರಬೇತಿ ಇಲ್ಲದ ನಮ್ಮಂಥವರಿಗೆ 200 ವ್ಯಾಟ್ ಬಹಳ ಹೊತ್ತು ಕೊಡೋದು ಕಷ್ಟ. ಕೊಡೋಕೆ ಆಗದೇ ಇದ್ರೆ ಇಳಿದು ತಳ್ಳೋದೇ ದಾರಿ.

ಇಳಿದು ತಳ್ಳೋ ಅನುಭವ ನಮ್ಮ ಕಡೆ ಎಲ್ಲರಿಗೂ ಇದೆ. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ಕ್ಲಾಸಿಗೆ ಸೈಕಲ್ ಸಿಗ್ತಿತ್ತಲ್ಲ, ನಮ್ಮ ಅಕ್ಕ, ಅಣ್ಣಂದಿರು ತುಳಿದದ್ದು ಅದನ್ನೇ. ಒಂದೇ ಗೇರ್. ಅಂಥ ಸೈಕಲ್‌ನಲ್ಲಿ ಮುಂದೆ 44, ಹಿಂದೆ 18 ಹಲ್ಲು ಇದ್ರೆ, ನಮ್ಮ ಈ ಏರಿಗೆ 300 ವ್ಯಾಟ್ ದಾಟುತ್ತೆ. ದಿಣ್ಣೆ ಬಂದ ತಕ್ಷಣ ಎಲ್ಲರೂ ಇಳಿದು ತಳ್ಳುತ್ತಿದ್ದದ್ದು ಸೋಮಾರಿತನದಿಂದ ಅಲ್ಲ ಅಂತ ಈ ಲೆಕ್ಕ ಮಾಡಿದ ಮೇಲೆ ನಮಗೆ ಅರ್ಥ ಆಯ್ತು.

ಹಾಗಾಗಿ ಅಂಗಡಿಯಲ್ಲಿ "ಎಷ್ಟು ಗೇರ್ ಇದೆ?" ಅಂತ ಕೇಳಬೇಡಿ. 21 ಗೇರ್ ಅನ್ನೋ ಸ್ಟಿಕ್ಕರ್‌ನಿಂದ ಏನೂ ಗೊತ್ತಾಗಲ್ಲ. ಮುಂದಿನ ಚಿಕ್ಕ ಚಕ್ರದಲ್ಲಿ ಎಷ್ಟು ಹಲ್ಲು, ಹಿಂದಿನ ದೊಡ್ಡ ಚಕ್ರದಲ್ಲಿ ಎಷ್ಟು ಹಲ್ಲು ಅಂತ ಕೇಳಿ. ಗೊತ್ತಿಲ್ಲ ಅಂದ್ರೆ ಕೂತು ಎಣಿಸಿ. ಭಾಗಿಸಿದಾಗ 1.3ಕ್ಕಿಂತ ಕಡಿಮೆ ಬಂದ್ರೆ ನಮ್ಮ ಬೆಟ್ಟಗಳಿಗೆ ಆಗುತ್ತೆ. 1 ರ ಹತ್ತಿರ ಬಂದ್ರೆ ಇನ್ನೂ ಒಳ್ಳೇದು.

ಈ ಬಜೆಟ್ಟಿನ ಹಲವು ಸೈಕಲ್‌ಗಳಲ್ಲಿ ಮುಂದೆ ಒಂದೇ ಚಕ್ರ, ಹಿಂದೆ 14ರಿಂದ 28 ಹಲ್ಲಿನ ಏಳು ಗೇರ್ ಇರುತ್ತೆ. ಇಷ್ಟವಾದ ಸೈಕಲ್ ಅಂಥದ್ದೇ ಆಗಿದ್ರೆ ಬಿಡಬೇಕಾಗಿಲ್ಲ. 34 ಹಲ್ಲಿನವರೆಗೆ ಇರುವ ಏಳು ಗೇರಿನ ಫ್ರೀವೀಲ್ ಬೇರೆಯಾಗಿ ಸಿಗುತ್ತೆ. ಹಿಂದಿನ ಡಿರೈಲರ್ ಅದನ್ನ ತಡೆಯುತ್ತಾ, ಚೈನ್ ಉದ್ದ ಮಾಡಬೇಕಾ ಅಂತ ಕೇಳಿಕೊಂಡು, ಕೊಳ್ಳುವಾಗಲೇ ಹಾಕಿಸಿಕೊಳ್ಳಿ.

ಎರಡನೇ ಲೆಕ್ಕ: ಬಾಗಿದ ಹ್ಯಾಂಡಲ್ ಯಾಕೆ?

"ಸ್ಟೈಲಿಗೆ" ಅಂತ ಬಹಳ ಜನ ಅಂದ್ಕೋತಾರೆ. ಗಾಳಿಯ ಎದುರು ಒಂದು ಸಲ ತುಳಿದರೆ ನಿಜವಾದ ಕಾರಣ ಗೊತ್ತಾಗುತ್ತೆ.

ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತೆ. ಗಾಳಿಯೇ ಇಲ್ಲದ ದಿನ 20 ಕಿ.ಮೀ. ವೇಗದಲ್ಲಿ ನೆಟ್ಟಗೆ ಕೂತು ಹೋದರೆ ಗಾಳಿ ಸೀಳೋಕೆ ಸುಮಾರು 50 ವ್ಯಾಟ್ ಸಾಕು. ಆಷಾಢದಲ್ಲಿ ಎದುರಿನಿಂದ 15 ಕಿ.ಮೀ. ವೇಗದ ಗಾಳಿ ಬೀಸ್ತಾ ಇದ್ರೆ, ಅದೇ 20ರಲ್ಲಿ ಹೋಗೋಕೆ ಸುಮಾರು 157 ವ್ಯಾಟ್ ಬೇಕು. ಮೂರು ಪಟ್ಟು! ಹ್ಯಾಂಡಲ್‌ನ ಕೆಳಭಾಗ ಹಿಡಿದು ಬಗ್ಗಿದರೆ, ಗಾಳಿಗೆ ಸಿಗೋ ಮೈ ಐದನೇ ಒಂದು ಭಾಗ ಕಡಿಮೆ ಆಗುತ್ತೆ ಅಂತ ಇಟ್ಕೊಂಡ್ರೂ, ಸುಮಾರು 31 ವ್ಯಾಟ್ ಉಳೀತು. ಶಿರಾ, ಪಾವಗಡದ ಬಯಲಲ್ಲಿ ಇದು ದೊಡ್ಡ ಉಳಿತಾಯ. ಅದೂ ಅಲ್ಲದೆ ಎರಡು ಗಂಟೆ ತುಳಿಯುವಾಗ ಕೈ ಇಡೋ ಜಾಗ ಬದಲಿಸೋಕೆ ಮೂರು ಆಯ್ಕೆ ಸಿಗುತ್ತೆ, ಅಂಗೈ ಜೋಮು ಹಿಡಿಯಲ್ಲ.

ಅದೇ ದುಡ್ಡಿಗೆ ಶಾಕ್ ಅಬ್ಸಾರ್ಬರ್ ಇರೋ, ಬುಲೆಟ್ಟಿನಂಥ ದಪ್ಪ ಟೈರ್ ಇರೋ ಸೈಕಲ್ ತೋರಿಸ್ತಾರೆ. ನೋಡೋಕೆ ಗಟ್ಟಿ. ಆದರೆ ಗಡ್ಡೆಗಡ್ಡೆ ಟೈರಿನ ಘರ್ಷಣೆಯೇ 20 ಕಿ.ಮೀ. ವೇಗದಲ್ಲಿ 15-20 ವ್ಯಾಟ್ ಹೆಚ್ಚಿಗೆ ತಿನ್ನುತ್ತೆ, ಅಗ್ಗದ ಶಾಕ್ ಅಬ್ಸಾರ್ಬರ್ ನಾವು ಒತ್ತಿದಾಗೆಲ್ಲ ಕುಣಿಯುತ್ತೆ. ಕ್ಯಾಂಪಸ್ಸಿನೊಳಗೆ ಓಡಾಡೋಕೆ ಅದು ಆದೀತು. 70 ಕಿ.ಮೀ.ಗೆ ಬೇಡ.

ವೇಗದ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಬ್ರೆವೆ ಅಂತ ದೂರದ ಸೈಕಲ್ ಸವಾರಿಗಳು ನಡೀತವೆ. 200 ಕಿ.ಮೀ. ಮುಗಿಸೋಕೆ ಕೊಡೋ ಸಮಯ 13 ಗಂಟೆ 30 ನಿಮಿಷ. ಭಾಗಿಸಿ ನೋಡಿ: ಊಟ, ತಿಂಡಿ, ಪಂಕ್ಚರ್ ಎಲ್ಲಾ ಸೇರಿ ಗಂಟೆಗೆ 15 ಕಿ.ಮೀ. ಕೂಡ ಇಲ್ಲ. ಮೊದಲ ಸೈಕಲ್‌ನಲ್ಲಿ ನಮಗೆ ಬೇಕಾಗಿರೋದು ನಿಲ್ಲದೆ ಹೋಗೋ ತಾಕತ್ತು.

ಅಳತೆ: ಇದರಲ್ಲಿ ರಾಜಿ ಇಲ್ಲ

ನಮ್ಮ ಪಾವಗಡದ ಗೆಳತಿಯ ಎತ್ತರ 152 ಸೆಂ.ಮೀ. ಒಂದು ಅಂಗಡಿಯಲ್ಲಿ ಆಫರ್ ಇದ್ದ ಸೈಕಲ್ ಅವಳಿಗಿಂತ ಎರಡು ಸೈಜ್ ದೊಡ್ಡದು. "ಸೀಟು ಇಳಿಸಿಕೊಟ್ಟರೆ ಆಯ್ತಮ್ಮ" ಅಂದ್ರು. ಆಗಲ್ಲ. ಸೀಟು ಇಳಿಸಿದರೆ ಎತ್ತರ ಸರಿ ಹೋಗಬಹುದು, ಸೀಟಿನಿಂದ ಹ್ಯಾಂಡಲ್‌ಗೆ ಇರೋ ದೂರ ಹಾಗೇ ಇರುತ್ತೆ. ಕೈ ಚಾಚಿ ಚಾಚಿ ಕುತ್ತಿಗೆ, ಸೊಂಟ ಹಿಡಿಯುತ್ತೆ, ಬ್ರೇಕ್ ಬೆರಳಿಗೆ ಸಿಗಲ್ಲ. ಅವಳು ವಾಪಸ್ ಬಂದಳು. ಅದೇ ಸರಿಯಾದ ತೀರ್ಮಾನ.

ಮನೆಯಲ್ಲೇ ಅಳತೆ ತಗೊಳ್ಳೋದು ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಂದಿನ ಸೆಮಿಸ್ಟರಿನ ದಪ್ಪ ಮ್ಯಾಥ್ಸ್ ಪುಸ್ತಕವನ್ನ ಕಾಲುಗಳ ನಡುವೆ, ಸೀಟಿನ ಮೇಲೆ ಕೂತಷ್ಟು ಒತ್ತಿ ಹಿಡಿಯಿರಿ. ಪುಸ್ತಕದ ಮೇಲಿನ ಅಂಚಿನಿಂದ ನೆಲಕ್ಕೆ ಎಷ್ಟು ಸೆಂ.ಮೀ. ಅಂತ ಸ್ನೇಹಿತರ ಹತ್ತಿರ ಅಳೆಸಿ. ಅದು ಕಾಲಿನ ಒಳಉದ್ದ. ಅದನ್ನ 0.883ರಿಂದ ಗುಣಿಸಿದರೆ, ಪೆಡಲ್ ತಿರುಗೋ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಹೆಚ್ಚೂಕಡಿಮೆ ಸಿಗುತ್ತೆ. ಒಳಉದ್ದ 78 ಇದ್ರೆ ಸುಮಾರು 69 ಸೆಂ.ಮೀ. ಸೈಕಲ್‌ನ ಮೇಲಿನ ಕಂಬಿಯ ಎರಡೂ ಕಡೆ ಕಾಲು ಹಾಕಿ ನಿಂತಾಗ ಕನಿಷ್ಠ 2-3 ಸೆಂ.ಮೀ. ಅಂತರ ಉಳಿಯಬೇಕು. ಫ್ರೇಮ್ ಸೈಜಿಗೆ ಆಯಾ ಕಂಪನಿಯ ಅಳತೆಪಟ್ಟಿ ನೋಡಿ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಅಲ್ಲ. ಎರಡು ಸೈಜಿನ ನಡುವೆ ಸಿಕ್ಕಿಕೊಂಡ್ರೆ ನಾವು ಚಿಕ್ಕದನ್ನೇ ತಗೊಳ್ಳಿ ಅಂತೀವಿ. ಚಿಕ್ಕದನ್ನ ಸ್ವಲ್ಪ ದೊಡ್ಡದು ಮಾಡ್ಕೋಬಹುದು, ದೊಡ್ಡದನ್ನ ಚಿಕ್ಕದು ಮಾಡೋದು ಕಷ್ಟ.

ಚಕ್ರ, ಟೈರ್, ಜಾಲಿ ಮುಳ್ಳು

ಇಲ್ಲೊಂದು ಗೊಂದಲ ಇದೆ. ನಮ್ಮ ತಾತನ ಕಾಲದ ಸೈಕಲ್‌ಗೆ "28 ಇಂಚು" ಅಂತಾರೆ, ರೋಡ್ ಬೈಕ್ ಚಕ್ರವನ್ನೂ ಕೆಲವರು "28 ಇಂಚು" ಅಂತಾರೆ. ಎರಡೂ ಬೇರೆ. ಹಳೇ ಸೈಕಲ್‌ನ ಟೈರ್ ಕೂರೋ ಜಾಗದ ವ್ಯಾಸ 635 ಮಿ.ಮೀ., ರೋಡ್ ಬೈಕ್‌ನದು 622. ಆ ಟೈರ್ ಇದಕ್ಕೆ ಕೂರಲ್ಲ. ಟೈರ್ ಪಕ್ಕದಲ್ಲಿ 28-622 ಅಥವಾ 32-622 ಅಂತ ಅಚ್ಚು ಇರುತ್ತೆ: ಮೊದಲನೆಯದು ಅಗಲ, ಎರಡನೆಯದು ವ್ಯಾಸ. ಕೊಳ್ಳೋಕೆ ಮೊದಲು ಇದನ್ನ ಓದಿ ಬರೆದಿಟ್ಟುಕೊಳ್ಳಿ.

ಅಗಲ 28 ಅಥವಾ 32 ಇರಲಿ. ತೀರಾ ತೆಳು 23, 25 ನಮ್ಮ ಹಳ್ಳಿ ರಸ್ತೆಯ ಗುಂಡಿಗೆ, ಬಣ್ಣ ಬಳಿಯದ ಹಂಪ್‌ಗೆ ಬೇಡ. ಈಗ ಇರೋದು 25 ಆದ್ರೂ, ಫ್ರೇಮ್ ಮತ್ತು ಬ್ರೇಕಿನ ನಡುವೆ ಮುಂದೆ 28 ಹಾಕೋವಷ್ಟು ಜಾಗ ಇದೆಯಾ ನೋಡಿ. ಗಾಳಿಯನ್ನ ಟೈರಿನ ಮೇಲೆ ಬರೆದ ಗರಿಷ್ಠಕ್ಕೆ ತುಂಬಬೇಕಾಗಿಲ್ಲ. 70 ಕೆ.ಜಿ.ಯವರಿಗೆ 28ರ ಟೈರಿನಲ್ಲಿ 75-80 ಪಿಎಸ್‌ಐ ಸಾಕು.

ಟ್ಯೂಬಿನ ಬಾಯಿ ನೋಡಿ. ರೋಡ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಸಣ್ಣ ಪ್ರೆಸ್ಟಾ ವಾಲ್ವ್ ಇರುತ್ತೆ, ಅದಕ್ಕೆ ಪಂಕ್ಚರ್ ಅಂಗಡಿಯ ಪೈಪ್ ಕೂರಲ್ಲ. ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಒಂದು ಜೇಬಲ್ಲಿದ್ರೆ ಯಾವ ಊರಲ್ಲಾದ್ರೂ ಗಾಳಿ ಹೊಡೆಸಬಹುದು. ಜಾಲಿ ಮುಳ್ಳಿಗೆ ಪೂರ್ತಿ ಪರಿಹಾರ ಇಲ್ಲ. ರಸ್ತೆ ಅಂಚಿನ ಮಣ್ಣಿಗೆ ಇಳಿಯಬೇಡಿ, ಎರಡು ಟ್ಯೂಬ್ ಜೊತೆಗಿರಲಿ, ಟ್ಯೂಬ್ ಬದಲಿಸೋದನ್ನ ಹಾಸ್ಟೆಲ್‌ನಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿ. ಹೊಸ ಟ್ಯೂಬ್ ಹಾಕೋ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಕೀಳದಿದ್ರೆ, ಐದು ನಿಮಿಷದಲ್ಲಿ ಎರಡನೇದೂ ಹೋಗುತ್ತೆ.

ರಾಗಿ ಒಕ್ಕಣೆ ಕಾಲದಲ್ಲಿ ರಸ್ತೆ ಮೇಲೆ ಹುಲ್ಲು ಹರಡಿದ್ರೆ ಇಳಿದು ದಾಟಿ. ತೆಳು ಟೈರ್ ಜಾರುತ್ತೆ, ಹುಲ್ಲು ಹಿಂದಿನ ಡಿರೈಲರ್‌ಗೆ ಸುತ್ತಿಕೊಂಡ್ರೆ ಅದು ಮುರಿದು ಕಡ್ಡಿಗಳ ನಡುವೆ ಹೋಗಬಹುದು. ಒಕ್ಕೋ ರೈತರು ನಮ್ಮ ಮನೆಯವರೇ, ಅವರಿಗೂ ಬೇರೆ ಕಣ ಇಲ್ಲ. ಒಂದು ನಿಮಿಷ ತಳ್ಳಿದ್ರೆ ನಷ್ಟ ಇಲ್ಲ.

ಬ್ರೇಕ್ ರಿಮ್ ಹಿಡಿಯೋದಾದ್ರೂ ಸರಿ, ಕೇಬಲ್‌ನಿಂದ ನಡೆಯೋ ಡಿಸ್ಕ್ ಆದ್ರೂ ಸರಿ. ಎರಡನ್ನೂ ಊರಿನ ಮೆಕ್ಯಾನಿಕ್ ಕೇಬಲ್ ಬದಲಿಸಿ ಸರಿ ಮಾಡಬಲ್ಲರು. ಕ್ಯಾರಿಯರ್, ಮಡ್‌ಗಾರ್ಡ್ ಕೂರಿಸೋ ತೂತುಗಳು ಫ್ರೇಮಿನಲ್ಲಿ ಇರಲೇಬೇಕು. ಊರಿಗೆ ಹೋಗುವಾಗ ಒಗೆಯೋ ಬಟ್ಟೆ, ಬರುವಾಗ ಅಮ್ಮ ಕೊಡೋ ಚಟ್ನಿಪುಡಿ ಡಬ್ಬ ಬೆನ್ನ ಮೇಲೆ ಹೊತ್ತು 50 ಕಿ.ಮೀ. ತುಳಿಯೋಕೆ ಆಗಲ್ಲ.

ಹೊಸದೋ, ಹಳೆಯದೋ?

25,000ದಲ್ಲಿ ಪೂರ್ತಿ ಸೈಕಲ್‌ಗೇ ಸುರಿಯಬೇಡಿ. ಹೆಲ್ಮೆಟ್, ಪಂಪ್, ಎರಡು ಟ್ಯೂಬ್, ಟೈರ್ ಬಿಚ್ಚೋ ಲಿವರ್, ಪ್ಯಾಚ್, ಮುಂದೆ-ಹಿಂದೆ ಲೈಟ್, ಬೀಗ ಇಷ್ಟಕ್ಕೆ 4,000-5,000 ಪಕ್ಕಕ್ಕೆ ಇಡಿ. ಸೈಕಲ್‌ಗೆ ಉಳಿಯೋದು 20,000 ಅಂತ ತಿಳ್ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನ ನೋಡಿ.

ಈ ದುಡ್ಡಿಗೆ ಹೊಸದರಲ್ಲಿ ಏಳು ಗೇರಿನ, ಅಲ್ಯೂಮಿನಿಯಂ ಅಥವಾ ಸ್ಟೀಲ್ ಫ್ರೇಮಿನ ಸೈಕಲ್ ಹುಡುಕಬಹುದು. ಹಳೆಯದರಲ್ಲಿ ಒಂದು ಮೆಟ್ಟಿಲು ಮೇಲಿನದಕ್ಕೆ ಪ್ರಯತ್ನ ಮಾಡಬಹುದು: ಮುಂದೆ ಎರಡು ಚಕ್ರ, ಹಿಂದೆ ಎಂಟು ಗೇರಿನ ಶಿಮಾನೊ ಕ್ಲಾರಿಸ್ ಇರೋ ಸೈಕಲ್. 2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನಲ್ಲಿ ಉತ್ಸಾಹದಿಂದ ಸೈಕಲ್ ಕೊಂಡು ಬಾಲ್ಕನಿಯಲ್ಲಿ ನಿಲ್ಲಿಸಿದವರು ಕಡಿಮೆ ಇಲ್ಲ. ಅವರ ಬೇಸರ ನಮ್ಮ ಲಾಭ. ಆದರೆ ನೋಡಿ ತಗೊಳ್ಳಿ:

1. ಫ್ರೇಮಿನ ಬೆಸುಗೆಗಳ ಹತ್ತಿರ ಬಿರುಕು, ಮುಂದಿನ ಫೋರ್ಕ್ ಬಾಗಿರೋದು, ಬಣ್ಣ ಗುಳ್ಳೆ ಎದ್ದಿರೋದು ಕಂಡ್ರೆ ವಾಪಸ್ ಬನ್ನಿ.
2. ಚೈನ್ ಮೇಲೆ ಸ್ಕೇಲ್ ಇಡಿ. ಒಂದು ಪಿನ್ ಸೊನ್ನೆಯ ಮೇಲಿದ್ರೆ, ಅಲ್ಲಿಂದ 24ನೇ ಪಿನ್ ಸರಿಯಾಗಿ 12 ಇಂಚಿನ ಮೇಲೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ರೆ ಚೈನ್ ಬದಲಿಸಬೇಕು. ಎಂಟನೇ ಒಂದು ಭಾಗ ಹೋಗಿದ್ರೆ ಹಿಂದಿನ ಗೇರ್ ಚಕ್ರಗಳೂ ಸವೆದಿರುತ್ತವೆ. ಆ ಖರ್ಚು ಬೆಲೆಯಲ್ಲಿ ಕಳೆಯಿರಿ.
3. ಚಕ್ರ ಎತ್ತಿ ತಿರುಗಿಸಿ. ರಿಮ್ ಅತ್ತಿತ್ತ ಓಲಾಡ್ತಿದೆಯಾ, ಕಡ್ಡಿಗಳು ಸಡಿಲ ಇವೆಯಾ ನೋಡಿ.
4. ಎಲ್ಲಾ ಗೇರ್ ಹಾಕಿ ಅರ್ಧ ಗಂಟೆ ಓಡಿಸಿ, ಒಂದು ಏರಾದ್ರೂ ಹತ್ತಿ.
5. ಮೂಲ ಬಿಲ್ ಕೇಳಿ, ಪೆಡಲ್ ಅಚ್ಚಿನ ಕೆಳಗೆ ಇರೋ ಫ್ರೇಮ್ ನಂಬರ್ ಫೋಟೋ ತೆಗೀರಿ. ಕದ್ದ ಸೈಕಲ್ ಅಗ್ಗಕ್ಕೆ ಸಿಕ್ಕಿದ್ರೂ ಬೇಡ.

ಹಳೆಯದರಲ್ಲಿ ಒಂದು ಆಸೆ ಬಿಡಬೇಕು: ಅಳತೆ ಸರಿ ಇಲ್ಲದ ಒಳ್ಳೇ ಸೈಕಲ್. ಎಷ್ಟೇ ಕಡಿಮೆಗೆ ಕೊಟ್ಟರೂ ಅದು ನಮ್ಮದಲ್ಲ.

ಕೊನೆಗೆ, ಯಾವುದು ಮೊದಲು?

ನಮ್ಮ ನಾಲ್ಕು ಜನರ ಲೆಕ್ಕದಲ್ಲಿ ಕ್ರಮ ಇದು: ಮೊದಲು ಅಳತೆ, ಆಮೇಲೆ ಏರಿನ ಗೇರ್, ಆಮೇಲೆ ಟೈರಿನ ಜಾಗ ಮತ್ತು ಬ್ರೇಕ್, ಆಮೇಲೆ ಊರಿನಲ್ಲಿ ರಿಪೇರಿ ಆಗುತ್ತಾ ಅನ್ನೋದು. ಇಷ್ಟರಲ್ಲಿ ಪಾಸಾದ ಸೈಕಲ್‌ಗಳು ಎರಡೋ ಮೂರೋ ಉಳಿದ್ರೆ ಆಗ ತೂಕ, ಬ್ರ್ಯಾಂಡ್, ಬಣ್ಣ ನೋಡಿ. ಅಂಗಡಿಯಲ್ಲಿ ಮಾತು ಶುರುವಾಗೋದು ಬಣ್ಣದಿಂದ, ಅಳತೆ ಬರೋದು ಕೊನೆಗೆ. ಅದಕ್ಕೇ ಚೀಟಿ ಬರೆದುಕೊಂಡು ಹೋಗಿ ಅಂತ ಹೇಳೋದು.

ಮನೆಯವರ ಟಿವಿಎಸ್ ಪ್ರಶ್ನೆಗೂ ನಾವು ಪ್ರಾಮಾಣಿಕವಾಗೇ ಉತ್ತರ ಕೊಡೋಣ. ಗೊಬ್ಬರದ ಮೂಟೆ ಸಾಗಿಸೋಕೆ ಟಿವಿಎಸ್ಸೇ ಸರಿ. ಸೈಕಲ್‌ಗೆ ಪೆಟ್ರೋಲ್ ಬೇಡ, ಇನ್ಶೂರೆನ್ಸ್ ಬೇಡ, ಮಗ ಅಥವಾ ಮಗಳು ವಾರಕ್ಕೆ ನೂರು ಕಿ.ಮೀ. ತುಳಿದ್ರೆ ಆರೋಗ್ಯವಾಗಿ ಇರ್ತಾರೆ. ಈ ಮಾತು ನಿಜ ಆಗಬೇಕಾದ್ರೆ ವಾರಕ್ಕೆ ನೂರು ಕಿ.ಮೀ. ತುಳಿಯಲೇಬೇಕು. ಮಂಡಿ ನೋಯಿಸದ, ಏರಿನಲ್ಲಿ ಇಳಿಸದ ಸೈಕಲ್ ಆದ್ರೆ ಮಾತ್ರ ಅಷ್ಟು ತುಳಿಯೋ ಮನಸ್ಸಾಗುತ್ತೆ.

ಈ ಶನಿವಾರ ಮಾಡೋಕೆ ಒಂದು ಕೆಲಸ: ಒಂದು ಪುಸ್ತಕ, ಒಂದು ಟೇಪ್ ತಗೊಂಡು ಕಾಲಿನ ಒಳಉದ್ದ ಅಳೆದುಕೊಳ್ಳಿ. ಆಮೇಲೆ ಸ್ನೇಹಿತರ ಸೈಕಲ್ ಒಂದನ್ನ ಹಿಡಿದು ಹಲ್ಲು ಎಣಿಸಿ, ಭಾಗಿಸಿ, ಅದೇ ಸೈಕಲ್‌ನಲ್ಲಿ ಹತ್ತಿರದ ಒಂದು ದಿಣ್ಣೆ ಹತ್ತಿ. ಬಂದ ಸಂಖ್ಯೆಗೂ ಕಾಲಿಗೆ ಆದ ಅನುಭವಕ್ಕೂ ಹೊಂದಿಕೆ ಇದೆಯಾ ಅಂತ ನೋಡಿ, ನಮಗೂ ತಿಳಿಸಿ.